ದಿಣ್ಣೆಕೋಟೆಯ ಯಜಮಾನರು

ನಮ್ಮ ಬ್ಯಾಂಕಿನ ಹಳೆಯ ಮ್ಯಾನೇಜರ್ ನಿರಂಜನರಾಯರ ವೈಕುಂಠ ಸಮಾರಾಧನೆ ಸಂಜಯನಗರದ ಅವರ ಮನೆಯಲ್ಲಿ ನಡೆಯುತ್ತಿತ್ತು. ಊಟಕ್ಕೆ ಮೊದಲು ಒಂದು ನಿಮಿಷ ಮೌನ ಆಚರಿಸೋಣ ಎಂದು ಯಾರೋ ಹೇಳಿದರು. ಎಲ್ಲರೂ ಎದ್ದು ನಿಂತೆವು. ಇಂಥ ಹೊತ್ತಿನಲ್ಲಿ ಫೋನು ಕೂಗಿಕೊಂಡರೆ ಚೆನ್ನಾಗಿರದು ಎಂದು ನಾನು ಅದನ್ನು ಜೇಬಿನಿಂದ ತೆಗೆದು ಸೈಲೆಂಟ್ ಮಾಡಲು ಹೋದೆ. ಕನ್ನಡಕ ಹಣೆಯ ಮೇಲಿತ್ತು. ಬೆರಳು ಎಲ್ಲಿ ಬೀಳಬಾರದೋ ಅಲ್ಲಿ ಬಿತ್ತು. ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಿಸುವಂಥ ಗಂಟಲಿನ ವಾಯ್ಸ್ ಮೆಸೇಜೊಂದು ಆ ಮೌನದ ನಡುವೆ ಮೊಳಗಿತು:

"ಸತ್ತೋದ್ರಾ? ಓಗ್ಲಿ ಬುಡ್ರಪ್ಪ, ಅದಕ್ಯಾಕಿಂಗೆ ಬಾಯ್ ಬಡ್ಕತೀರಾ? ವಸಿ ಒತ್ತಿಗೆ ಅವ್ರೇ ಎದ್ದು ಬತ್ತಾರೆ. ಅಷ್ಟ್ರೊಳಗೆ ಅವ್ರ ಸಾಮಾನೆಲ್ಲಾ ಎತ್ತಿಟ್ಕಳಿ, ಬ್ಯಾರೆಯೋರು ಒತ್ಕಂಡೋದಾರು!"

ರಾಯರ ಇಬ್ಬರು ಗಂಡುಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರ ನಡುವೆ ಸಾಮಾನಿನ ವಿಷಯವಾಗಿ ಆಗಲೇ ಮಾತಿಗೆ ಮಾತು ಬೆಳೆದಿತ್ತೆಂದು ನನಗೆ ಆಮೇಲೆ ತಿಳಿಯಿತು. ನನ್ನ ಹೆಂಡತಿ ರಂಜನಿ ಮೆಲ್ಲಗೆ ದೂರ ಸರಿದು, ಬಸ್ಸಿನಲ್ಲಿ ಪಕ್ಕ ಬಂದು ಕೂತ ಅಪರಿಚಿತನನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಅಂದು ನಾನು ಎರಡನೇ ಹೋಳಿಗೆ ಕೇಳಲಿಲ್ಲ.

ಆ ಮೆಸೇಜಿನಲ್ಲಿ ಸತ್ತಿದ್ದವನು ನಾನೇ. ಹಿಂದಿನ ಸಂಜೆ, ಒಂದು ಕಂಪ್ಯೂಟರ್ ಆಟದಲ್ಲಿ, ಬೆಂಕಿ ಉಗುಳುವ ಒಂದು ಹಲ್ಲಿಯ ಕೈಲಿ ಸತ್ತಿದ್ದೆ. ಅಂಥ ಆಟಗಳಲ್ಲಿ ಸತ್ತವರು ಸ್ವಲ್ಪ ಹೊತ್ತಿಗೆ ಎದ್ದು ಬರುತ್ತಾರೆ. ಆದರೆ ಅವರ ಕತ್ತಿ, ಚೀಲ ಬಿದ್ದಲ್ಲೇ ಬಿದ್ದಿರುತ್ತವೆ. ಅವನ್ನು ನಮ್ಮವರೇ ಎತ್ತಿಟ್ಟುಕೊಳ್ಳಬೇಕು. ಹಾಗೆಂದು ನಮ್ಮ ಆಟದ ಗುಂಪನ್ನು ಗದರಿಸಿ ಹೇಳಿದ ಆ ಗಂಟಲು ಯಲಹಂಕದಲ್ಲಿರುವ ನಮ್ಮ ಮನೆ ಮಾಲೀಕರಾದ ದೊಡ್ಡಮುನಿಯಪ್ಪನವರದು. ಅರವತ್ತೆಂಟು ವರ್ಷ, ಬಿಳಿ ಪಂಚೆ, ಬಿಳಿ ಮೀಸೆ, ಸಕ್ಕರೆ ಕಾಯಿಲೆ. ಈ ಬರಹ ಅವರನ್ನು ಕುರಿತದ್ದು. ನಾನು ನಡುನಡುವೆ ಬಂದರೆ ಓದುಗರು ಕ್ಷಮಿಸಬೇಕು. ಆಟದಲ್ಲೂ ಹಾಗೆ ನಡುವೆ ಬಂದೇ ನಾನು ಸಾಯುವುದು.

ಮುನಿಯಪ್ಪನವರು ಹುಟ್ಟಿ ಬೆಳೆದದ್ದು ಯಲಹಂಕದ ಹಳೇ ಊರಿನಲ್ಲಿ. ಇವತ್ತು ಸಾಲಾಗಿ ಅಪಾರ್ಟ್‌ಮೆಂಟುಗಳು ನಿಂತಿರುವ ಕಡೆ ಅವರ ದ್ರಾಕ್ಷಿ ತೋಟ, ರಾಗಿ ಹೊಲ ಇದ್ದವು. ಮಾರಿದ್ದಕ್ಕೆ ಕೊರಗುವ ಸ್ವಭಾವ ಅವರದಲ್ಲ. "ಒಣಗಿದ ಬೋರ್‌ವೆಲ್ ಜೊತೆ ಜಗಳ ಆಡೋದು ತಪ್ತು ಸ್ವಾಮಿ," ಎನ್ನುತ್ತಿದ್ದರು. ಅವರಿಗಿದ್ದ ಕೊರತೆ ಒಂದೇ. ಬೆಳಗ್ಗೆ ಎದ್ದು ಜನ ಕಟ್ಟಿಕೊಂಡು ಕೆಲಸಕ್ಕಿಳಿಯುವುದು ಅವರ ಅಭ್ಯಾಸ. ಈಗ ಕಟ್ಟಿಕೊಳ್ಳಲು ಜನವಿರಲಿಲ್ಲ. ಇದ್ದವರು ಬಾಡಿಗೆದಾರರಾದ ನಾವು. "ಶೇಷಗಿರಿಯೋರೇ, ನಲ್ಲಿ ನಿಲ್ಸಿದ್ರಾ?" ಎಂದು ಮಹಡಿಯಿಂದ ನನ್ನನ್ನು ಕೂಗಿ ತಮ್ಮ ಯಜಮಾನಿಕೆಯನ್ನು ಹೇಗೋ ಉಳಿಸಿಕೊಂಡಿದ್ದರು.

ಅಷ್ಟರಲ್ಲಿ ಮೊಮ್ಮಗಳು ದಿವ್ಯ ಸೆಕೆಂಡ್ ಪಿಯುಸಿಗೆ ಬಂದಳು. ಹುಡುಗಿ ಆನ್‌ಲೈನ್ ಆಟಕ್ಕೆ ಅಂಟಿಕೊಂಡಿದ್ದಳು. ಬಿಲ್ಡರ್ ಆಗಿರುವ ಅವಳಪ್ಪ ಗೋಪಿ ಒಂದು ದಿನ ರೇಗಿ, ಕಂಪ್ಯೂಟರನ್ನು ಕಿತ್ತು, ರಾಗಿ ಮೂಟೆ ಇಡುತ್ತಿದ್ದ ಮೇಲಿನ ಕೋಣೆಗೆ ಸಾಗಿಸಿ, ಕಾವಲಿಗೆ ತನ್ನ ಅಪ್ಪನನ್ನೇ ಕೂರಿಸಿದ. ಹಾಲಿಗೆ ಬೆಕ್ಕನ್ನು ಕಾವಲಿಟ್ಟೆನೆಂದು ಪಾಪ ಅವನಿಗೆ ಗೊತ್ತಾಗಲಿಲ್ಲ. ಬೆಕ್ಕಿಗೂ ಆಗ ಗೊತ್ತಿರಲಿಲ್ಲ.

"ತಾತಾ," ಎಂದು ದಿವ್ಯ ಅತ್ತಳು, "ದಿನಾ ಆನ್ ಮಾಡದಿದ್ರೆ ನನ್ನನ್ನ ಗುಂಪಿಂದ ತೆಗೆದುಹಾಕ್ತಾರೆ. ನೀನು ಸಂಜೆ ಒಂದ್ಸಲ ಇವಳನ್ನ ನಾಲ್ಕು ಹೆಜ್ಜೆ ನಡೆಸ್ಬಿಡು, ಸಾಕು. ಪರೀಕ್ಷೆ ಮುಗಿಯೋವರೆಗೆ."

"ದನ ಬಿಟ್ಟು ಕಟ್ಟೋಂಗೆ?"

"ಹೂಂ, ಹಂಗೇ."

ಇವಳು ಎಂದರೆ ಆಟದಲ್ಲಿ ದಿವ್ಯಳ ಪಾತ್ರ. ಬೆಳ್ಳಿ ಕೂದಲು, ಚೂಪು ಕಿವಿ, ಹಿಡಿಯಷ್ಟು ಸೊಂಟ, ಕೈಯಲ್ಲಿ ಬಿಲ್ಲು. ಮೂನ್‌ಪೆಟಲ್ ಎಂದು ಹೆಸರು. ಮುನಿಯಪ್ಪನವರು ಅವಳನ್ನು ಪುಟ್ಟಿ ಎಂದು ಕರೆದರು. ಮೊದಮೊದಲು ನಾಲ್ಕು ಹೆಜ್ಜೆ ನಡೆಸಿದರು. ಆಮೇಲೆ, ಅಷ್ಟು ದೂರ ಬಂದವಳು ಹಳ್ಳದ ಆಚೆ ಏನಿದೆ ನೋಡಲಿ ಎಂದರು. ದಿವ್ಯ ಪರೀಕ್ಷೆ ಬರೆದು, ಪಾಸಾಗಿ, ಕಾಲೇಜು ಸೇರಿ, ಆಟವನ್ನೇ ಮರೆತಳು. ತಾತ ಮಾತ್ರ ಬೆಳಗಿನ ಕಾಫಿ ಕುಡಿದು ಮೇಲೆ ಹೋದವರು ಊಟಕ್ಕೆ ಕರೆದರೆ "ಬಂದೆ" ಎನ್ನುವುದು, ಸಂಜೆಯವರೆಗೂ ಬರುತ್ತಲೇ ಇರುವುದು.

ಗುಂಪಿನ ಹುಡುಗರಲ್ಲಿ ಕೆಲವರು ಮೂನ್‌ಪೆಟಲ್‌ಗೆ ಹೂವು, ಹೃದಯ ಕಳಿಸುತ್ತಿದ್ದರಂತೆ. ಒಂದು ದಿನ ಕಾಳಗದ ನಡುವೆ ಮುನಿಯಪ್ಪನವರಿಗೆ ಮೈಕು ಸಿಕ್ಕಿತು. "ಯಾವನ್ಲಾ ಅವ್ನು ಎಡಗಡೆ? ನಿಂತ್ಕಂಡೇ ನಿದ್ದೆ ಒಡೀತಾವ್ನೆ!" ಅಂದಿನಿಂದ ಹೃದಯಗಳು ನಿಂತುಹೋದವು. ಸ್ವಲ್ಪ ದಿನಕ್ಕೆ ಗುಂಪಿನ ಹಳೆಯ ನಾಯಕ ಮದುವೆಯಾಗಿ ಆಟ ಬಿಟ್ಟ. ಕುರ್ಚಿ ಖಾಲಿ ಇತ್ತು. ಇವರು ಹೋಗಿ ಕೂತರು. ಯಾರೂ ಬೇಡವೆನ್ನಲಿಲ್ಲ. ಆ ಗಂಟಲಿಗೆ ಬೇಡವೆನ್ನುವುದು ಹೇಗೆ?

ಕೂತವರು ಗುಂಪಿನ ಹೆಸರನ್ನೇ ಬದಲಿಸಿದರು. ಮೊದಲು ಅದು ಇಂಗ್ಲಿಷಿನಲ್ಲಿ ಏನೋ ತೋಳಗಳು ಎಂದಿತ್ತು. ಈಗ 'ಮುಯ್ಯಾಳು'. ಹಿಂದೆ ಆ ಊರುಗಳಲ್ಲಿ ಕೂಲಿ ಕೊಟ್ಟು ಆಳು ಕರೆಯುವಷ್ಟು ಯಾರ ಬಳಿಯೂ ಇರುತ್ತಿರಲಿಲ್ಲ. ಇವತ್ತು ನನ್ನ ಹೊಲದ ಕಳೆಗೆ ನೀನು ಬಾ, ನಾಳೆ ನಿನ್ನ ಹೊಲದ ಕುಯ್ಲಿಗೆ ನಾನು ಬರುತ್ತೇನೆ. ಹಾಗೆ ಬಂದವರು ಮುಯ್ಯಾಳು. ಯಾರ ಹೊಲದಲ್ಲಿ ಕೆಲಸವಾಯಿತೋ ಅವರ ಮನೆಯಲ್ಲಿ ಊಟ. ಯಾರ ಹೊಲದಲ್ಲಿ ಆಯಿತೋ ಆ ಮುಯ್ಯಿ, ಎಂದರೆ ದುಡಿಮೆಯ ಋಣ, ಅವರೇ ತಿರುಗಿ ದುಡಿದು ತೀರಿಸಬೇಕು. ಕರೆದಾಗ ಬಾರದವನಿಗೆ ಊರಿನಲ್ಲಿ ಮುಖವಿಲ್ಲ.

ಆಟದ ಬೇರೆ ಗುಂಪುಗಳಲ್ಲಿ ನಾಯಕನೇ ಒಳ್ಳೆಯ ಕತ್ತಿಯನ್ನೆಲ್ಲ ಬಾಚಿಕೊಳ್ಳುತ್ತಾನೆ, ಉಳಿದವರು ಜಗಳವಾಡಿ ಬಿಟ್ಟುಹೋಗುತ್ತಾರೆ. ಇಲ್ಲಿ ಸಂಜೆ ಎಲ್ಲರೂ ಸೇರಿದೊಡನೆ ಯಜಮಾನರ ಮೊದಲ ಪ್ರಶ್ನೆ: "ಇವತ್ತು ಯಾರ ಒಲ?" ಗುಂಪಿನ ಖಾದರ್ ಬಾಷಾನ ಹೊಲ ಎಂದರೆ ಅಂದು ಸಿಕ್ಕಿದ್ದೆಲ್ಲ ಖಾದರನದು. ಮರುದಿನ ಸಿಕ್ಕಿದ್ದು ಇಂದು ಎಂಬ ಹುಡುಗಿಗೆ. ಆಟದೊಳಗಿನ ನಕ್ಷೆಗೂ ಯಜಮಾನರು ತಮ್ಮ ಜಮೀನಿನ ಹೆಸರುಗಳನ್ನೇ ಇಟ್ಟರು: ಮೇಲ್ಗಡೆ ಹೊಲ, ಕುಂಟೆ, ಹುಣಸೇಮರದ ತಿರುವು. ಎತ್ತರದಲ್ಲಿದ್ದ ದೊಡ್ಡ ಕೋಟೆಗೆ ದಿಣ್ಣೆಕೋಟೆ. ಆ ಕೋಟೆಯನ್ನು ಹೋದ ಯುಗಾದಿಯಲ್ಲಿ ಗೆದ್ದವರು ಆಮೇಲೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮುಯ್ಯಾಳು ಎಂದರೆ ಏನೆಂದು ತಿಳಿಯದ ದೂರದೇಶದ ಆಟಗಾರರು ಅದು ಯಾವುದೋ ಭಯಂಕರ ರಾಕ್ಷಸನ ಹೆಸರೆಂದು ನಂಬಿದ್ದರಂತೆ.

ನಾನು ಸೇರಿದ್ದು ಜಗಳವಾಡಲು ಹೋಗಿ. ಯಜಮಾನರು ಮೋಟಾರು ಹಾಕಿ ಮರೆತು, ನೆಲದಡಿಯ ಸಂಪು ತುಂಬಿ, ನೀರೆಲ್ಲ ಬೀದಿಗೆ ಹರಿದಿತ್ತು. ನಾಲ್ಕು ಮಾತು ಕೇಳಿಬಿಡೋಣವೆಂದು ಮೇಲೆ ಹತ್ತಿದೆ. ಅವರು ತಿರುಗಿಯೂ ನೋಡದೆ, "ಕೂತ್ಕಳಿ ಸ್ವಾಮಿ, ಒಂದಾಳು ಕಮ್ಮಿ ಐತೆ," ಎಂದರು. ಕೂತೆ. ಇನ್ನೂ ಎದ್ದಿಲ್ಲ. ಕತ್ತಿ ಹಿಡಿಯಲು ನಾನು ನಾಲಾಯಕ್ಕೆಂದು ಅವರಿಗೆ ನೋಡಿದೊಡನೆ ತಿಳಿದಿರಬೇಕು, ನನ್ನ ಫೋನಿನಲ್ಲೂ ಆಟ ಹಾಕಿಸಿ ಗಾಯಕ್ಕೆ ಮದ್ದು ಹಚ್ಚುವ ಕೆಲಸ ಕೊಟ್ಟರು. ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದವನು, ಹೆಂಡತಿಗೆ ತಲೆನೋವೆಂದರೆ ಅಮೃತಾಂಜನದ ಡಬ್ಬಿ ಎಲ್ಲಿದೆಯೆಂದು ಅವಳನ್ನೇ ಕೇಳುವವನು, ಸಂಜೆಯಾದರೆ ಕಂಡವರ ಗಾಯಕ್ಕೆ ಮದ್ದು ಹಚ್ಚುತ್ತಾ ಕೂತೆ.

ಯಜಮಾನರ ಹೆಂಡತಿ ಮರಿಯಮ್ಮನವರಿಗೆ ಪುಟ್ಟಿಯನ್ನು ಕಂಡರಾಗುತ್ತಿರಲಿಲ್ಲ. "ಮದ್ವೆ ಆದಾಗಿಂದ ನನ್ ತಲೆಗೊಂದು ಮೊಳ ಊವ ತಂದೋರಲ್ಲ. ಅವ್ಳಿಗೆ ನೋಡಿ ಸ್ವಾಮಿ, ದಿನಕ್ಕೊಂದು ಕಿರೀಟ!" ಎಂದು ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಗಂಡನ ಸಕ್ಕರೆ ಏರಿದ್ದು, ಕಾಲು ಊದಿಕೊಂಡದ್ದು, ಮಾತ್ರೆ ಮರೆತದ್ದು ಹೇಳುವಾಗ ನಗು ಇರುತ್ತಿರಲಿಲ್ಲ. ಆಗ ನಾನು ಮೆಟ್ಟಿಲನ್ನು ನೋಡುತ್ತಿದ್ದೆ.

ವಿಷಯ ಸಿಡಿದದ್ದು ದೊಡ್ಡಬಳ್ಳಾಪುರದಲ್ಲಿ, ಯಜಮಾನರ ತಮ್ಮನ ಮೊಮ್ಮಗಳ ಮದುವೆಯಲ್ಲಿ. ಧಾರೆಯ ಹೊತ್ತಿಗೆ ಹುಡುಗಿಯ ದೊಡ್ಡತಾತನೇ ಕಾಣೆ. ಹುಡುಕಿದರೆ ಛತ್ರದ ಹಿಂದೆ ಕಾರಿನೊಳಗೆ ಕೂತು ಫೋನಿಗೆ ಬಯ್ಯುತ್ತಿದ್ದರು: "ಬಾಗ್ಲು ಮುಚ್ರಲಾ, ಮುಚ್ರಲಾ!" ಬೀಗರು ತಮ್ಮ ಮುಖದ ಮೇಲೆ ಬಾಗಿಲು ಮುಚ್ಚಲು ಹೇಳಿದರೆಂದು ಮುನಿಸಿಕೊಂಡರು. ಗೋಪಿ ತಲೆ ತಗ್ಗಿಸಿದ.

ಆ ವಾರವೇ ಗೋಪಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ಇತ್ತು. ಶುಕ್ರವಾರ ಪೂಜೆ, ಭಾನುವಾರ ನೆಂಟರಿಗೆಲ್ಲ ಬಾಡೂಟ. ಗೋಪಿ ಅಪ್ಪನ ಮುಂದೆ ಬಂದು ನಿಂತ. ನಾನೂ ಅಲ್ಲೇ ಮದ್ದಿನ ಬಟ್ಟಲು ಹಿಡಿದು ಕೂತಿದ್ದೆ.

"ಅಪ್ಪಾ, ಭಾನುವಾರ ನೀನು ಬೆಳಗ್ಗೆಯಿಂದ ಬಾಗ್ಲಲ್ಲಿ ನಿಂತು ಬಂದೋರಿಗೆಲ್ಲ ಕೈ ಮುಗೀಬೇಕು. ಅವತ್ತು ಕಂಪ್ಯೂಟರು, ಫೋನು ಯಾವ್ದಾದ್ರೂ ಮುಟ್ಟಿದ್ದು ಗೊತ್ತಾದ್ರೆ ಸೋಮವಾರ ಇದು ಸಂಪಲ್ಲಿರುತ್ತೆ. ಮತ್ತೆ ಈ ಮನೇಲಿ ಇಂಟರ್ನೆಟ್ ಇರಲ್ಲ. ನನ್ನಾಣೆ."

ಆ ಭಾನುವಾರ ಮಧ್ಯಾಹ್ನವೇ ದಿಣ್ಣೆಕೋಟೆಯ ಮೇಲೆ ವರ್ಷದ ದೊಡ್ಡ ಮುತ್ತಿಗೆ. ಯಜಮಾನರಿಲ್ಲದೆ ಕೋಟೆ ನಿಲ್ಲುವುದೇ ಕಷ್ಟ. ಇದು ಗೋಪಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಜಮಾನರ ಮುಖ ನೋಡಿದೆ. ಅವರು ಪರದೆಯ ಮೇಲಿನ ಕೋಟೆಯನ್ನು, ಅದರ ಮೇಲೆ ಹಾರುತ್ತಿದ್ದ ಮುಯ್ಯಾಳಿನ ಬಾವುಟವನ್ನು ಒಂದು ಗಳಿಗೆ ನೋಡಿದರು.

"ಆಯ್ತು ಕಣಪ್ಪ. ಮುಟ್ಟಲ್ಲ," ಎಂದರು.

ಗುಂಪಿಗೂ ಅಂದೇ ತಿಳಿಸಿದರು: ಭಾನುವಾರ ನಾನಿಲ್ಲ, ನೀವೇ ನೋಡಿಕೊಳ್ಳಿ. ಖಾದರ್ ಬಾಷಾ, ಆರ್.ಟಿ. ನಗರದಲ್ಲಿ ಸೋಫಾ, ಕುಷನ್ ಹೊಲಿಯುವ ಅಂಗಡಿಯವನು, "ಅರೆ ಯಜಮಾನ್ರೇ, ನೀವಿಲ್ದೆ ಕೋಟೆ ಹೋದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಲಿ?" ಎಂದ. "ಮುಖ ಇದ್ದಲ್ಲೇ ಇಟ್ಕ, ಕಣ್ಣು ಬಲಗಡೆ ಬಾಗ್ಲ್ ಮೇಲಿಡು," ಎಂದರು ಯಜಮಾನರು.

ಭಾನುವಾರ ಬಂತು. ಯಜಮಾನರು ಗರಿಗರಿ ಪಂಚೆ, ಜರಿ ಶಲ್ಯದಲ್ಲಿ ಹೊಸ ಮನೆಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು. ಫೋನನ್ನು ತಾವಾಗಿಯೇ ಮರಿಯಮ್ಮನ ಕೈಗೆ ಕೊಟ್ಟಿದ್ದರು. ನನಗೂ ರಂಜನಿಗೂ ಬೇರೆ ಕಡೆ ಚಿತ್ರಾನ್ನ, ಪಾಯಸ ಮಾಡಿಸಿದ್ದರು. ಹಿತ್ತಲಲ್ಲಿ ಅಡುಗೆ ಪಂಚಪ್ಪ ಬಾಡಿನ ಸಾರು ಕುದಿಸಿ, ನಾಲ್ಕು ಕಡೆ ದೊಡ್ಡ ಹಂಡೆಗಳಲ್ಲಿ ಎಸರಿಟ್ಟು, ರಸ್ತೆ ನೋಡುತ್ತಿದ್ದ. ಮುದ್ದೆ ಕಟ್ಟುವ ಅವನ ಕಡೆಯವರು ಟೆಂಪೋದಲ್ಲಿ ಬರಬೇಕಿತ್ತು. ಟೆಂಪೋ ಬರಲಿಲ್ಲ. ಆಮೇಲೆ ಫೋನು ಬಂತು: ದಾರಿಯಲ್ಲಿ ಗಾಡಿ ಕೆಟ್ಟಿದೆ, ಸಂಜೆಯ ಹೊತ್ತಿಗೆ ಬಂದೇಬಿಡುತ್ತೇವೆ.

ಮುದ್ದೆ ಅನ್ನದ ಹಾಗಲ್ಲ. ಬೆಳಗ್ಗೆ ಮಾಡಿ ಮಧ್ಯಾಹ್ನ ಬಡಿಸಲಾಗದು. ಬಿಸಿ ಹಿಟ್ಟನ್ನು ತೊಳಸಿ, ಸುಡುತ್ತಿರುವಾಗಲೇ ಕೈಯಲ್ಲಿ ಉಂಡೆ ಕಟ್ಟಿ, ಹಾಗೇ ಎಲೆಗೆ ಹಾಕಬೇಕು. ಹಿಂದಾಗಿದ್ದರೆ ಬೀದಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿ ಇಳಿಯುತ್ತಿದ್ದರು. ಈಗ ಬಂದಿದ್ದವರು ರೇಷ್ಮೆ ಸೀರೆಯ ನೆಂಟರು. ಪಾಪ ಅವರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗೋಪಿ ಮೂರು ಕೇಟರಿಂಗಿನವರಿಗೆ ಫೋನು ಮಾಡಿದ. ಭಾನುವಾರ, ಲಗ್ನದ ದಿನ, ಯಾರಿದ್ದಾರೆ? ಬೆವರುತ್ತಾ ಬಾಗಿಲಿಗೆ ಬಂದು ಅಪ್ಪನ ಕಿವಿಯಲ್ಲಿ, "ಮರ್ಯಾದೆ ಹೋಯ್ತು ಅಪ್ಪಾ. ಮುದ್ದೆ ಇಲ್ದೆ ಬಾಡೂಟ ಹಾಕ್ದ ಅಂತ ಸಾಯೋವರ್ಗೂ ಆಡ್ಕೋತಾರೆ," ಎಂದ.

ಯಜಮಾನರು ಎದುರಿಗೆ ಬಂದ ಯಾರಿಗೋ ಕೈ ಮುಗಿಯುತ್ತಲೇ, ತಲೆ ತಿರುಗಿಸದೆ, ನನ್ನನ್ನು ಕರೆದರು.

"ಸ್ವಾಮಿ, ನಾನು ಮುಟ್ಟಂಗಿಲ್ಲ. ನಿಮ್ ಫೋನಲ್ಲಿ ನಮ್ಮೋರ್ಗೆ ಒಂದ್ ಮಾತ್ ಆಕಿ. ಇವತ್ತು ಗೋಪಿ ಒಲ. ಯಜಮಾನ ಮುಯ್ಯಿ ಕರೀತಾವ್ನೆ, ಕೈ ತೊಳ್ಕಂಡು ಬನ್ನಿ ಅಂತ."

"ಯಜಮಾನರೇ, ಇನ್ನು ಸ್ವಲ್ಪ ಹೊತ್ತಿಗೆ ಮುತ್ತಿಗೆ," ಎಂದೆ. "ಅವರೆಲ್ಲ ಇಲ್ಲಿಗೆ ಬಂದರೆ ಕೋಟೆ ಖಾಲಿ."

"ಕೋಟೆ ಬುಡಿ ಸ್ವಾಮಿ. ಕೋಟೆಗೆ ಅಸಿವಾಗಲ್ಲ."

ನಾನು ಹೊಸ ಮನೆಯ ವಿಳಾಸ ಸೇರಿಸಿ ಮೆಸೇಜು ಹಾಕಿದೆ. ಈ ಸಲ ಕನ್ನಡಕ ಹಾಕಿಕೊಂಡೇ ಹಾಕಿದೆ. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದವರು, ವರ್ಷವಿಡೀ ಕಾದ ಕೋಟೆ ಬಿಟ್ಟು, ಯಾರದೋ ಮನೆಯ ಮುದ್ದೆಗೆ?

ಮೊದಲು ಬಂದದ್ದು ಖಾದರನ ಸ್ಕೂಟರು, ಹಿಂದೆ ಇಬ್ಬರು ಹುಡುಗರು. ಆಮೇಲೆ ಹೆಬ್ಬಾಳದ ಆಸ್ಪತ್ರೆಯೊಂದರ ನರ್ಸು ಇಂದು, ಡ್ಯೂಟಿ ಮುಗಿಸಿದವಳು ಬಟ್ಟೆ ಕೂಡ ಬದಲಿಸದೆ ಬಂದಿದ್ದಳು. ಯಶವಂತಪುರದಿಂದ ಆಟೋದಲ್ಲಿ ಒಂದು ದಂಡು. ಎಲ್ಲರೂ ಬಾಗಿಲಲ್ಲಿ ನಿಂತು ಬೆಳ್ಳಿಕೂದಲಿನ ಬಿಲ್ಲುಗಾರ್ತಿಯನ್ನು ಹುಡುಕಿದರು. ಬಿಳಿ ಮೀಸೆಯವರು ಬಾಯಿ ತೆರೆದೊಡನೆ ಗುರುತು ಹಿಡಿದರು.

"ಏನ್ಲಾ ಖಾದರು, ಇಷ್ಟೇ ಇದೀಯಾ ನೀನು? ಕೋಟೆ ಬಾಗ್ಲಲ್ಲಿ ಆನೆಯಂಗೆ ಇರ್ತಿದ್ದೆ!"

"ನಾನಾದ್ರೂ ಇಷ್ಟಿದ್ದೀನಿ ಯಜಮಾನ್ರೇ. ನಿಮ್ಮ ಸೊಂಟ ಎಲ್ಲಿ ಹೋಯ್ತು?"

ಮರಿಯಮ್ಮನವರು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಹಂಡೆಯ ಮುಂದೆ ಕೂತಿದ್ದರು. ಇಂದುವನ್ನು ಮೇಲಿಂದ ಕೆಳಗೆ ನೋಡಿ, "ನೀನೂ ಆ ಪುಟ್ಟಿ ಕಡೆಯೋಳಾ?" ಎಂದರು. "ಇಲ್ಲಮ್ಮ, ನಾನು ತಾತನ ಕಡೆ. ದಿನಾ ಮಾತ್ರೆ ತಗೊಂಡ್ರಾ ಅಂತ ನಾನೇ ಕೇಳೋದು, ಸುಳ್ಳು ಹೇಳ್ತಾರೆ," ಎಂದಳು ಇಂದು. ಮರಿಯಮ್ಮ ತಮ್ಮ ಪಕ್ಕದಲ್ಲೇ ಅವಳಿಗೊಂದು ಮಣೆ ಹಾಕಿದರು.

ಖಾದರ್ ಮುದ್ದೆ ಕೋಲು ಹಿಡಿದ. ದಿನವಿಡೀ ಕುಷನ್ನಿಗೆ ಹತ್ತಿ ತುಂಬುವ ಆ ಕೈಗಳು ಹಿಟ್ಟನ್ನು ತೊಳಸಿದ ರಭಸಕ್ಕೆ ಪಂಚಪ್ಪ ಹಿಂದೆ ಸರಿದ. ಉಳಿದವರು ಕೈಗೆ ನೀರು ಹಚ್ಚಿಕೊಂಡು ಕಟ್ಟಲು ಕೂತರು. ಮೊದಲ ಪಂಕ್ತಿಯ ಮುದ್ದೆಗಳು ನಾನಾ ಆಕಾರದಲ್ಲಿದ್ದವು. ಒಂದಂತೂ ಥೇಟು ನನ್ನ ತಲೆಯ ಹಾಗಿತ್ತು. "ಅಮುಕ್ಬ್ಯಾಡ್ರಲಾ, ತಿರುಗ್ಸಿ, ಮಗೀನ ತಲೆ ಸವರ್ದಂಗೆ!" ಎಂದು ಮರಿಯಮ್ಮ ಗದರಿಸುತ್ತಿದ್ದರು. ಎರಡನೇ ಪಂಕ್ತಿಗೆ ಎಲ್ಲ ನುಣ್ಣಗೆ, ದುಂಡಗೆ ಬಂದವು. ಅಂಗೈ ಕೆಂಪಾದವರಿಗೆ ಬೆಣ್ಣೆ ಹಚ್ಚಿದ್ದು ನಾನು. ಅದು ನನ್ನ ಇಲಾಖೆ. ನಡುವೆ ಎಲೆ ಹಾಕಿದೆ, ನೀರು ಬಡಿಸಿದೆ. ನಾನು ಯಾರಿಗಾದರೂ ನೀರು ಕೊಟ್ಟದ್ದನ್ನು ರಂಜನಿ ನೋಡಿದ್ದು ಅದೇ ಮೊದಲು, ಫೋಟೋ ತೆಗೆದಿಟ್ಟುಕೊಂಡಳು.

ಗೋಪಿಯ ಸೋದರಮಾವ ಎಲೆಯ ಮುಂದೆ ಕೂತು ಕೇಳಿದರು: "ಯಾವ ಕೇಟರಿಂಗ್ ಗೋಪಿ? ಉಡುಗ್ರು ಚೆಂದಾಗವ್ರೆ. ಕೇಳ್ಕಂಡ್ ಕೇಳ್ಕಂಡ್ ಬಡಿಸ್ತಾರೆ."

ಗೋಪಿ ಬಡಿಸುತ್ತಿದ್ದ ಹುಡುಗರ ಕಡೆ ತಿರುಗಿ ನೋಡಿದ. ಆಮೇಲೆ ಸ್ವಲ್ಪ ಎದೆಯುಬ್ಬಿಸಿ ಹೇಳಿದ: "ಕೇಟರಿಂಗ್ ಅಲ್ಲ ಮಾವ. ನಮ್ಮಪ್ಪನ ಮುಯ್ಯಾಳುಗಳು."

ಆ ಮಾತು ಕೇಳಿ ನೀರಿನ ಜಗ್ಗು ಹಿಡಿದಿದ್ದ ನನಗೂ ಎದೆಯುಬ್ಬಿತು. ಬ್ಯಾಂಕಿನಲ್ಲಿ ನನಗೆ ಎರಡು ಸಲ ಪ್ರಶಸ್ತಿಪತ್ರ ಕೊಟ್ಟಿದ್ದಾರೆ. ಆಗೆಲ್ಲ ಹೀಗೆ ಆಗಿರಲಿಲ್ಲ.

ಕೊನೆಯ ಪಂಕ್ತಿ ನಮ್ಮದು. ಮರಿಯಮ್ಮನವರೇ ನಿಂತು ಎಲ್ಲರಿಗೂ ಬಡಿಸಿದರು. ಬೆಳಗ್ಗೆಯಿಂದ ನಿಂತ ಕಾಲನ್ನು ಚಾಚಿಕೊಂಡು ಯಜಮಾನರು ಖಾದರ್, ಇಂದು ಇಬ್ಬರ ನಡುವೆ ಕೂತಿದ್ದರು. ದಿವ್ಯ ಫೋನು ನೋಡುತ್ತಾ ಬಂದಳು. ಅವಳ ಮುಖ ಸಣ್ಣಗಾಗಿತ್ತು.

"ತಾತಾ, ದಿಣ್ಣೆಕೋಟೆ ಹೋಯ್ತು."

ಖಾದರ್ ತುತ್ತನ್ನು ಎಲೆಯ ಮೇಲಿಟ್ಟ.

"ಆದ್ರೆ ತಾತಾ," ಎಂದಳು ದಿವ್ಯ, "ಅವ್ರು ಅರ್ಧ ಗಂಟೆ ಬಾಗ್ಲಲ್ಲೇ ನಿಂತಿದ್ರಂತೆ. ಬಾಗ್ಲು ತೆರೆದಿದೆ, ಒಳಗೆ ಯಾರೂ ಇಲ್ಲ, ಮುಯ್ಯಾಳಿನವರು ಏನೋ ಹೂಡಿದ್ದಾರೆ ಅಂತ ಒಳಗೆ ಕಾಲಿಡೋಕೇ ಹೆದರ್ಕೊಂಡ್ರಂತೆ."

ಯಜಮಾನರ ಮೀಸೆ ಒಂದಿಷ್ಟು ಅಲುಗಿತು. "ಎಲ್ರೂ ಉಂಡ್ರಾ?" ಎಂದು ಗೋಪಿಯನ್ನು ಕೇಳಿದರು.

"ಉಂಡ್ರು ಅಪ್ಪಾ. ಮುದ್ದೆ ಸಾಕಾಗಿ ಮಿಕ್ತು," ಎಂದ ಗೋಪಿ. ಸಾರಿನ ಬಕೆಟ್ಟು ಅವನ ಕೈಯಲ್ಲೇ ಇತ್ತು. ಅಪ್ಪನ ಎದುರು ಕುಕ್ಕರುಗಾಲಲ್ಲಿ ಕೂತ. ಕೂತವನ ದನಿ ಮೆತ್ತಗಾಗಿತ್ತು, ಆದರೂ ಮಗನಲ್ಲವೇ, ಅಪ್ಪನ ಊದಿದ ಕಾಲು ಕಣ್ಣಿಗೆ ಬಿದ್ದಿತ್ತು. "ನೀನು ಮಾತು ಉಳಿಸ್ಕೊಂಡೆ, ನನ್ನ ಮರ್ಯಾದೆನೂ ಉಳಿಸ್ದೆ. ಕಂಪ್ಯೂಟರ್ ಸಂಪಿಗೆ ಹಾಕಲ್ಲ. ಆದ್ರೆ ಕೋಟೆನೂ ಹೋಯ್ತಲ್ಲ ಅಪ್ಪಾ, ಇನ್ನಾದ್ರೂ ನೀನೇ ಆ ಆಟ ಬಿಡ್ತೀಯಾ?"

ಯಜಮಾನರು ಎಲೆಯ ಮೇಲಿದ್ದ ಕೊನೆಯ ತುತ್ತು ನುಂಗಿ, ನೀರು ಕುಡಿದು, ಮೀಸೆ ಒರೆಸಿಕೊಂಡರು.

"ಬುಡ್ತೀನಿ ಕಣಪ್ಪ. ಊಟ ನಿಂದು, ಮುಯ್ಯಿನೂ ನಿಂದೇ. ಇಷ್ಟ್ ಜನದ್ದೂ ತೀರೋವರ್ಗೂ ಪುಟ್ಟಿ ನಿನ್ ಕೈಲಿರ್ತಾಳೆ. ಸಂಜೆ ಮೇಲಕ್ ಬಾ, ಬಿಲ್ಲು ಎಂಗಿಡೀಬೇಕು ತೋರಿಸ್ತೀನಿ."